ಹೇಂತಿ ಸೀನು

ನನಗೊಂದು ಕೆಟ್ಟ ಚಾಳಿಯಿದೆ. ಒಂದು ಮಾತು ಆಡಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಡುತ್ತೇನೆ. ಎದುರಿಗಿದ್ದವರಾದರೆ ನನ್ನ ಮುಖ ನೋಡಿ ನಕ್ಕು ಆ ಜಾಗ ತುಂಬಿಬಿಡುತ್ತಾರೆ, ಫೋನಿನಲ್ಲೇ ಪೇಚಾಟ. "ಹಲೋ, ಹಲೋ, ಸಾರ್, ಸಿಗ್ನಲ್ ಹೋತೇನ್ರಿ?" ಎಂದು ಆಚೆಯವರು ಕೂಗಿಕೊಳ್ಳುತ್ತಾರೆ. ಸಿಗ್ನಲ್ ಎಲ್ಲಿಗೂ ಹೋಗಿರುವುದಿಲ್ಲ. ನಾನು ನಗೆಗೆ ಜಾಗ ಬಿಟ್ಟುಕೊಂಡು ಕೂತಿರುತ್ತೇನೆ, ಅಷ್ಟೇ.

ನಾಟಕದಲ್ಲಿ ಹಾಸ್ಯದ ಪಾತ್ರ ಮಾಡಿದವರಿಗೆ ಅಂಟುವ ರೋಗ ಇದು. ಜನ ನಗುತ್ತಿರುವಾಗ ಮುಂದಿನ ಮಾತು ಬಿಟ್ಟರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ನಗೆ ಏರಬೇಕು, ಇಳಿಯಲು ಶುರುವಾಗಬೇಕು, ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಮಾತು ಬಿಡಬೇಕು. ಹೊಟ್ಟೆಪಾಡಿಗೆ ಕಲಿತ ಈ ವಿದ್ಯೆ ಈಗ ಕಿರಾಣಿ ಅಂಗಡಿಗೂ ನನ್ನ ಜೊತೆ ಬರುತ್ತದೆ. "ಕಾಲು ಕೇಜಿ ತೊಗರಿಬೇಳೆ" ಎಂದು ಹೇಳಿ ನಿಲ್ಲುತ್ತೇನೆ. ತೊಗರಿಬೇಳೆಯಲ್ಲಿ ನಗುವಂಥದ್ದು ಏನಿದೆ ಹೇಳಿ? ಅಂಗಡಿಯವನು ಮಾತ್ರ, ಪಾಪ, ನಕ್ಕೇ ಬೇಳೆ ತೂಗುತ್ತಾನೆ.

ಮನೆಯಲ್ಲಿ ನಾನು ಹೀಗೆ ನಿಂತಾಗಲೆಲ್ಲ ನಮ್ಮಾಕಿ ಒಲೆಯ ಕಡೆಯಿಂದ "ಮುಗೀತೇನು?" ಎಂದು ಕೇಳುತ್ತಿದ್ದಳು. ಮುಗಿದಿದ್ದರೆ ಅವಳ ಮಾತು ಶುರು, ಇಲ್ಲದಿದ್ದರೆ ನನ್ನದೇ ಮುಂದುವರಿಕೆ. ನಮ್ಮಾಕಿ ಎಂದರೆ ನನ್ನ ಹೆಂಡತಿ. ಹೋದ ಕಾರ್ತೀಕದಲ್ಲಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಈಗ ಆದೋನಿಯ ಎರಡು ಕೋಣೆಯ ಮನೆಯಲ್ಲಿ ನಾನು ಒಂದು ಮಾತು ಆಡಿ ನಿಂತರೆ, ನಿಂತೇ ಇರಬೇಕು. ನಾನೇ ಗಂಟಲು ಸರಿಪಡಿಸಿಕೊಂಡು ಬೇರೆ ಕೆಲಸಕ್ಕೆ ಹೋಗುತ್ತೇನೆ.

ನಮ್ಮ ಕಡೆ ಸತ್ತವರನ್ನು ಸುಮ್ಮನೆ ಕಳಿಸುವ ಪದ್ಧತಿಯಿಲ್ಲ. ಹೆಂಗಸರು ಸುತ್ತ ಕೂತು ಹಾಡಿಕೊಂಡು ಅಳುತ್ತಾರೆ. ಸತ್ತವರು ಏನು ಉಂಡರು, ಏನು ಉಟ್ಟರು, ಯಾರಿಗೆ ಬೈದರು, ಯಾರಿಗೆ ಬಡಿಸಿದರು ಎಂಬುದನ್ನೆಲ್ಲ ಒಂದೊಂದಾಗಿ ಎತ್ತಿ ಹೇಳಿ, ರಾಗ ಎಳೆದು, ಎದೆ ಬಡಿದುಕೊಂಡು ಅಳುತ್ತಾರೆ. ಮನುಷ್ಯ ಬದುಕಿದ್ದ ಎಂಬುದಕ್ಕೆ ನಮ್ಮಲ್ಲಿ ಅದೇ ಸಾಕ್ಷಿ. ನಮ್ಮಾಕಿಗೆ ಆ ಭಾಗ್ಯ ಬರಲಿಲ್ಲ. ಅವಳಿಗೆ ಅಕ್ಕತಂಗಿಯರಿಲ್ಲ, ತವರಿನವರು ಎಂದೋ ಕಳೆದುಹೋದರು. ನನ್ನ ಕಡೆಯ ಅಳುವ ಮುದುಕಿಯರು ಅವಳಿಗಿಂತ ಮೊದಲೇ ಹೋಗಿ, ಆಕೆಯೇ ಅವರಿಗೆಲ್ಲ ಅತ್ತು ಮುಗಿಸಿದ್ದಳು. ಓಣಿಯ ಹೆಂಗಸರು ಬಂದರು, "ಅಯ್ಯೋ ಪಾಪಂ" ಎಂದರು, ಸೆರಗು ಬಾಯಿಗೆ ಇಟ್ಟುಕೊಂಡು ನಿಂತರು. ಅಳುವುದಕ್ಕೆ ಇಟ್ಟುಕೊಂಡದ್ದೋ, ನನ್ನ ಮುಖ ನೋಡಿ ಬಂದ ನಗೆಯನ್ನು ತಡೆಯುವುದಕ್ಕೋ, ದೇವರೇ ಬಲ್ಲ.

ಮಾತನಾಡಿಸಲು ಬಂದವರ ಕಥೆ ಇನ್ನೂ ಚೆಂದ. ಹತ್ತಿ ಮಂಡಿಯ ಗುಮಾಸ್ತ, ನನ್ನ ಹಳೆಯ ಗೆಳೆಯ, ಚಾಪೆಯ ಮೇಲೆ ಕೂತು "ಹೆಂಗಾತು?" ಎಂದು ಕೇಳಿದ. "ಚಾ ಮಾಡಾಕ ನೀರು ಇಟ್ಟು ಕುಂತಳು" ಎಂದೆ. ನಿಂತೆ. "ನೀರು ಕುದೀತು" ಎಂದೆ. ನಿಂತೆ. "ಆಕಿ ಏಳಲಿಲ್ಲ." ಅವನ ಹೊಟ್ಟೆ ಕುಲುಕತೊಡಗಿತು. ಪಾಪ, ತುಟಿ ಕಚ್ಚಿದ, ಕಣ್ಣಲ್ಲಿ ನೀರು ತಂದುಕೊಂಡ, ಕಡೆಗೆ ಕೆಮ್ಮುವ ನೆಪ ಮಾಡಿ ಹೊರಗೆ ಎದ್ದುಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತನ್ನು ಹಾಗೆ ತುಂಡು ತುಂಡು ಮಾಡಿ ಹೇಳಿದರೆ ನಾನಾದರೂ ನಗುತ್ತಿದ್ದೆ. ಬೇರೆ ಥರ ಹೇಳುವುದು ನನಗೆ ಬರುವುದಿಲ್ಲ. ಹೀಗಾಗಿ ನಮ್ಮಾಕಿ ಸತ್ತಿದ್ದಾಳೆ ಎಂಬ ಸುದ್ದಿಯನ್ನು ನಾನು ಯಾರಿಗೂ ಸರಿಯಾಗಿ ಮುಟ್ಟಿಸಲೇ ಇಲ್ಲ. ಯಾರೂ ಅವಳಿಗಾಗಿ ಬಾಯಿಬಿಟ್ಟು ಅಳಲಿಲ್ಲ. ನಾನೂ ಅಳಲಿಲ್ಲ. ನನ್ನ ಅಳುವಿನ ಮೇಲೆ ನನಗೇ ನಂಬಿಕೆಯಿಲ್ಲ, ಏನು ಮಾಡಲಿ. ಈ ಒಂದು ಕೊರಗು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತುಬಿಟ್ಟಿತು.

ಸಾವಿನ ಸುದ್ದಿ ಹೇಳಲು ಬಾರದ್ದು ನನಗೆ ಹೊಸದಲ್ಲ. ನನ್ನ ಮೊದಲ ಪಾತ್ರವೇ ಅದು. ನಾನು ಹುಟ್ಟಿದ್ದು ಆದೋನಿ ಹತ್ತಿರದ ಪೆದ್ದಕಡುಬೂರು, ಆಂಧ್ರದ ಗಡಿ. ಶಾಲೆ ತೆಲುಗಿನದು, ಮನೆ ಕನ್ನಡದ್ದು, ನಾಟಕವೂ ಕನ್ನಡದ್ದು. ಬಳ್ಳಾರಿ ಕಡೆಯಿಂದ ಹಾರ್ಮೋನಿಯಂ ಮಾಸ್ತರರು ಬಂದು ಮಾತು ಹೇಳಿಕೊಡುತ್ತಿದ್ದರು. ನಾವು ಆ ಕನ್ನಡ ಮಾತುಗಳನ್ನು ತೆಲುಗು ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆವು. ಊರಿನ ರಾಜರು, ಮಂತ್ರಿಗಳು, ರಾಕ್ಷಸರೆಲ್ಲ ಹೀಗೆಯೇ ತಯಾರಾದವರು. ನನಗೆ ಮೀಸೆ ಮೊಳೆಯುವ ವಯಸ್ಸು. ದೂತನ ಪಾತ್ರ. ಓಡಿ ಬಂದು, "ಮಹಾರಾಣೀ, ಮಹಾರಾಜರು ರಣರಂಗದಲ್ಲಿ ಮಡಿದರು" ಎಂದು ಹೇಳಿ ಕುಸಿಯಬೇಕು. ಓಡಿ ಬಂದೆ. ಕಾಲು ಕಡ್ಡಿಯಂಥವು, ಚಲ್ಲಣ ದೊಡ್ಡದು. "ಮಹಾರಾಣೀ" ಎಂದೆ. ಊರೇ ನಕ್ಕಿತು. ನಾನು ನಿಜವಾಗಿ ಅಳುತ್ತ "ಮಡಿದರು" ಎಂದೆ. ಒನ್ಸ್ ಮೋರ್ ಬಿತ್ತು. ಒನ್ಸ್ ಮೋರ್ ಬಿದ್ದ ಮೇಲೆ ಬಿಡುವ ಹಾಗಿಲ್ಲ; ಒಳಗೆ ಹೋಗಿ ಮತ್ತೆ ಓಡಿ ಬಂದು ರಾಜನನ್ನು ಇನ್ನೊಂದು ಸಲ ಸಾಯಿಸಿದೆ. ರಾಣಿಯ ಪಾತ್ರಕ್ಕೆ ಕೂಲಿ ಕೊಟ್ಟು ಕರೆಸಿದ್ದ ಕಲಾವಿದೆಯೂ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಮಾಸ್ತರರು ಬೆಳಿಗ್ಗೆ ಬೀಡಿ ಹಚ್ಚಿಕೊಂಡು ತೀರ್ಪು ಕೊಟ್ಟರು: "ಈ ಹುಡುಗಗ ದುಃಖದ ಪಾತ್ರ ಕೊಟ್ರ ಜನ ನಕ್ಕು ನಕ್ಕು ಸಾಯ್ತಾರ. ಹಾಸ್ಯಕ್ಕ ಹಾಕ್ರಿ, ಉಣ್ಣಾಕ ಕಡಿಮಿ ಆಗಂಗಿಲ್ಲ." ಅವರ ಬಾಯಿಗೆ ಸಕ್ಕರೆ ಹಾಕಬೇಕು. ಉಣ್ಣುವುದಕ್ಕೆ ಕಡಿಮೆಯಾಗಲಿಲ್ಲ.

ಆಮೇಲೆ ಕಂಪನಿ ನಾಟಕ, ಅಲ್ಲಿಂದ ಸಿನಿಮಾ. ಹೈದರಾಬಾದಿನಲ್ಲಿ ನನ್ನನ್ನು ಕರೆದದ್ದು ಕನ್ನಡದ ಎಳೆಯಿರುವ ತೆಲುಗಿಗಾಗಿ. ಬೆಂಗಳೂರಿನಲ್ಲಿ ಕರೆದದ್ದು ತೆಲುಗಿನ ಎಳೆಯಿರುವ ಕನ್ನಡಕ್ಕಾಗಿ. ಎರಡೂ ಕಡೆ ನಾನು ಆಡಿದ್ದು ಆದೋನಿಯ ಮಾತೇ. ಅಲ್ಲಿಯವರು ಇಲ್ಲಿಯವನೆಂದು ನಕ್ಕರು, ಇಲ್ಲಿಯವರು ಅಲ್ಲಿಯವನೆಂದು ನಕ್ಕರು. ಲಾರಿ ಕ್ಲೀನರ್, ಮದುವೆ ದಲ್ಲಾಳಿ, ಕಾಂಪೌಂಡರ್, ಕಳ್ಳಸ್ವಾಮಿ, ಮಂಟಪದಿಂದ ಓಡಿಹೋಗುವ ಮದುಮಗ, ಒಂದರಲ್ಲಿ ಹೆಣ. ಹೆಣವಾಗಿ ಮಲಗಿದ್ದಾಗಲೂ ನಿರ್ದೇಶಕರು "ಸ್ವಲ್ಪ ಕಿರುಬೆರಳು ಅಲ್ಲಾಡಿಸಿ" ಎಂದರು. ಸನ್ಮಾನದ ಪತ್ರಗಳಲ್ಲಿ ನನ್ನನ್ನು ಬಹುಮುಖ ಪ್ರತಿಭೆ ಎಂದು ಅಚ್ಚು ಹಾಕುತ್ತಾರೆ. ಮುಖ ಇದ್ದದ್ದು ಒಂದೇ. ಅದಕ್ಕೆ ಏಟು ಕೊಟ್ಟ ಕೈಗಳು ಬಹಳ.

ಆ ಏಟುಗಳೆಂದರೆ ನಮ್ಮಾಕಿಗೆ ಆಗುತ್ತಿರಲಿಲ್ಲ. ಒಮ್ಮೆ ಇಲ್ಲಿಯೇ ಟಾಕೀಸಿಗೆ ಕರೆದುಕೊಂಡು ಹೋಗಿದ್ದೆ. ಹೀರೋ ನನ್ನ ಕೆನ್ನೆಗೆ ಬಾರಿಸಿದ, ಇಡೀ ಟಾಕೀಸು ಶಿಳ್ಳೆ ಹೊಡೆಯಿತು. ತಿರುಗಿ ನೋಡಿದರೆ ಪಕ್ಕದ ಕುರ್ಚಿ ಖಾಲಿ. ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದಳು. "ಆ ಹೀರೋಗ ಹೇಳ್ರಿ, ಮೆಲ್ಲಕ ಹೊಡಿಯಪ್ಪಾ ಅಂತ" ಎಂದಳು. ಅದು ಬರೀ ಆಕ್ಟಿಂಗ್ ಎಂದು ಎಷ್ಟು ಹೇಳಿದರೂ, ರಾತ್ರಿ ಕೆನ್ನೆಗೆ ಕೊಬ್ಬರಿ ಎಣ್ಣೆ ಹಚ್ಚಿಯೇ ಮಲಗಿದಳು. ಏಟು ಬಿದ್ದು ಆರು ತಿಂಗಳಾಗಿತ್ತು.

ಇಂಥವಳನ್ನು ನಾನು ಜನರಿಗೆ ತೋರಿಸಿದ್ದೇ ಬೇರೆ ಥರ. 'ಹೇಂತಿ ಸೀನು' ಎಂದರೆ ಕೋಸಿಗಿಯಿಂದ ಸಿರುಗುಪ್ಪದವರೆಗೆ ಇವತ್ತಿಗೂ ಗೊತ್ತು. ಯಾವುದೇ ನಾಟಕವಿರಲಿ, ನಡುವೆ ನಾನು ಒಬ್ಬನೇ ಬಂದು ಹೆಂಡತಿಯ ಮೇಲೆ ದೂರು ಹೇಳಬೇಕು. ಆಕಿ ಸಾರಿಗೆ ಉಪ್ಪು ಸುರೀತಾಳ, ಯಾಕಂದ್ರ ಉಪ್ಪಿನ ಋಣ ಮರೀಬಾರದಂತ. ಆಕಿ ಲಟ್ಟಣಿಗಿ ಬೀಸಿದ್ರ ಗುರಿ ತಪ್ಪಂಗಿಲ್ಲ, ಓಡೋ ನಾಯಿ ಬಿಟ್ಟು ಕೂತ ಗಂಡಗ ತಗಲತೈತಿ. ಆಕಿ ನಿದ್ದಿಗಣ್ಣಾಗೂ ಕಿಸೆ ಹುಡುಕತಾಳ, ನಾನು ಅಂಗಿ ಬಿಚ್ಚಿಟ್ಟು ಬರೇ ಮೈಯಾಗ ಮಲಗಿದ್ರ, ಚರ್ಮದಾಗ ಕಿಸೆ ಎಲ್ಲೈತಿ ಅಂತ ತಡವತಾಳ. ಹೀಗೆ.

ಇದೆಲ್ಲ ಸುಳ್ಳು ಎಂದು ಬೇರೆ ಹೇಳಬೇಕೇ? ಆದರೆ ಸುಳ್ಳಿನಲ್ಲಿ ಅರ್ಧ ಪಾಲು ಅವಳದೇ. ಹೊಸ ಮಾತು ಹೊಳೆದಾಗ ಮೊದಲು ಅಡುಗೆಮನೆಯಲ್ಲೇ ಆಡಿ ನೋಡುತ್ತಿದ್ದೆ. ಅವಳು ನಗುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಕೇಳಿಸಿಕೊಂಡು, "ನಾಯಿ ಅಂತ ಹಾಕ್ರಿ, ಬೆಕ್ಕು ಬ್ಯಾಡ. ಬೆಕ್ಕಿಗೆ ಯಾರೂ ಲಟ್ಟಣಿಗಿ ಬೀಸಂಗಿಲ್ಲ" ಎನ್ನುತ್ತಿದ್ದಳು. ಅವಳು ತಿದ್ದಿದ ಮಾತಿಗೆ ನಗೆ ಖಂಡಿತ. ನಿನ್ನ ಮೇಲೆ ಇಷ್ಟೆಲ್ಲ ಹೇಳುತ್ತೇನಲ್ಲ, ಬೇಜಾರಿಲ್ಲವೇ ಎಂದು ಒಮ್ಮೆ ಕೇಳಿದೆ. "ನನ್ನ ಯಾರು ನೋಡ್ಯಾರ?" ಎಂದಳು. "ಹೇಳ್ರಿ ಹೇಳ್ರಿ. ಜನ ನಗಲಿ." ನಿಜವೇ. ಅವಳನ್ನು ಯಾರೂ ನೋಡಿರಲಿಲ್ಲ. ನಾಟಕಕ್ಕೆ ಬಂದರೂ ಹೆಂಗಸರ ಗುಂಪಿನ ಹಿಂದೆ, ಚಾಪೆಯ ಅಂಚಿನಲ್ಲಿ ಕೂತು ನೋಡಿ ಎದ್ದುಹೋಗುತ್ತಿದ್ದಳು.

ಈ ವರ್ಷ ಹತ್ತಿ ಬಿಡಿಸಿ ಮುಗಿದ ಮೇಲೆ ನಾಗಲದಿನ್ನೆಯಿಂದ ತಿಮ್ಮಪ್ಪ ಫೋನ್ ಮಾಡಿದ. ಆ ಊರಿನ ನಾಟಕಕ್ಕೆ ಅವನೇ ಮ್ಯಾನೇಜರು. ಮೆಣಸಿನಕಾಯಿ ಬೆಳೆಯುತ್ತಾನೆ, ಖಳನಾಯಕನ ಪಾತ್ರ ಹಾಕುತ್ತಾನೆ. "ಸಾರ್, ಮೀರು ತಪ್ಪದೆ ರಾವಾಲಿ, ಬರಲೇಬೇಕು. ಹೇಂತಿ ಸೀನು ಇಲ್ಲಂದ್ರ ಜನ ಪೆಂಡಾಲು ಕೀಳ್ತಾರ" ಎಂದ. ಆಗಲಿ ಎಂದು ಹೇಳಿ ಸುಮ್ಮನಾದೆ. ಆಚೆಯಿಂದ ಹಲೋ ಹಲೋ ಎಂಬ ಕೂಗು. ಈ ಸಲ ನಗೆಗೆ ಜಾಗ ಬಿಟ್ಟದ್ದಲ್ಲ. ಹೆಂಡತಿ ಇಲ್ಲ ಕಣಯ್ಯಾ ಎಂದು ಹೇಳೋಣವೆಂದು ಬಾಯಿ ತೆರೆದಿದ್ದೆ. ಅವನು ನಕ್ಕರೆ? ಅದಕ್ಕೆ ಹೆದರಿ ಬಸ್ಸಿನ ಸಮಯ ಕೇಳಿ ಫೋನ್ ಇಟ್ಟೆ.

ಎಮ್ಮಿಗನೂರಿನಲ್ಲಿ ಬಸ್ಸು ಬದಲಿಸಿ, ಕಿಟಕಿಯ ಹತ್ತಿರ ಕೂತು, ದಾರಿಯುದ್ದಕ್ಕೂ ಯೋಚಿಸಿದೆ. ಸತ್ತವಳ ಮೇಲೆ ದೂರು ಹೇಳುವುದು ಸರಿಯೇ? ಹೇಳದೆ ಇದ್ದರೆ ನನ್ನನ್ನು ಕರೆಯುವವರು ಯಾರು? ಇದು ಹೊಟ್ಟೆಯ ಮಾತು. ಎದೆಯ ಮಾತು ಬೇರೆ ಇತ್ತು. ಆ ಸೀನಿನಲ್ಲಿ ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ, ಬಡಿಸುತ್ತಾಳೆ. 'ಬೈಯುತ್ತಿದ್ದಳು' ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ. ಅರ್ಧ ಗಂಟೆಯಾದರೂ ಅವಳು ಇದ್ದಾಳೆ ಎಂದು ಊರೊಟ್ಟಿಗೆ ಕೂತು ನಂಬಬಹುದು. ಆ ಆಸೆಗೇ ಹೋದೆ ಎನ್ನಿ.

ಸೀನು ಚೆನ್ನಾಗಿ ನಡೆಯಿತು. ಹಾಗೆ ನೋಡಿದರೆ ಅಷ್ಟು ಚೆನ್ನಾಗಿ ಹಿಂದೆಂದೂ ನಡೆದಿರಲಿಲ್ಲ. "ನಮ್ಮಾಕಿ ಬರೋವಾಗ ಹೇಳ್ಯಾಳ" ಎಂದು ಶುರು ಮಾಡಿದ್ದೇ ತಡ, ಹೆಂಗಸರ ಕಡೆಯಿಂದ ನಗೆಯ ಸುರಿಮಳೆ. ಉಪ್ಪು ಬಂತು, ಲಟ್ಟಣಿಗೆ ಬಂತು, ಕಿಸೆ ಬಂತು. ಹೊಸ ಸುಳ್ಳುಗಳೂ ತಾವಾಗಿ ಹುಟ್ಟಿದವು. ನನಗೆ ಖುಷಿಯೋ ಖುಷಿ. ಸೀನು ಮುಗಿಸಲು ಮನಸ್ಸೇ ಬರಲೊಲ್ಲದು.

ಅಷ್ಟರಲ್ಲಿ ಮೈಕು ಕಿರುಗುಟ್ಟಿತು. ಆಯಾರದ ಘೋಷಣೆ. ನಮ್ಮ ಕಡೆಯ ನಾಟಕದಲ್ಲಿ ಪಾತ್ರ ಮೆಚ್ಚಿದವರು ನಡುನಡುವೆ ಸ್ಟೇಜಿಗೆ ಬಂದು ಟವೆಲ್ಲೋ, ಅಂಗಿ ಬಟ್ಟೆಯೋ ಆಯಾರ ಕೊಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುವವರೆಗೆ ಯುದ್ಧವಾದರೂ ನಿಲ್ಲಬೇಕು, ಕತ್ತಿ ಎತ್ತಿದವನು ಎತ್ತಿಕೊಂಡೇ ಇರಬೇಕು. ನಾನು ಟವೆಲ್ಲಿಗೆ ಹೆಗಲು ಕೊಡಲು ತಯಾರಾದೆ. ಮೆಟ್ಟಿಲು ಹತ್ತಿ ಬಂದವಳು ಒಬ್ಬ ಮುದುಕಿ. ಕುರಿ ಸಾಕುವ ಮನೆತನದ ಮಲ್ಲಮ್ಮ. ಹಣೆಯ ತುಂಬ ಕುಂಕುಮ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಕೆಂಪು ಕುಬಸದ ಕಣ, ಕೊಬ್ಬರಿ ಬಟ್ಟಲು, ಅಕ್ಕಿ, ಎಲೆ ಅಡಿಕೆ, ಅರಿಷಿಣ ಕುಂಕುಮ.

ತಿಮ್ಮಪ್ಪನ ಕೈಯಿಂದ ಮೈಕು ಕಸಿದುಕೊಂಡು ಮಲ್ಲಮ್ಮ ಹೇಳಿದಳು: "ಇದು ಇವಗಲ್ಲ. ಇಂಥವನ್ನ ಕಟಗೊಂಡು ಇಷ್ಟು ವರ್ಸ ಬಾಳೇವು ಮಾಡ್ಯಾಳಲ್ಲ, ಆ ತಾಯಿಗೆ. ಆಕಿಗೆ ಉಡಿ ತುಂಬೀನಿ ಅಂತ ಹೇಳು. ಮುತ್ತೈದಿ ನೂರು ವರ್ಸ ಬಾಳಲಿ."

ಪೆಂಡಾಲು ಹಾರಿಹೋಗುವ ಹಾಗೆ ಚಪ್ಪಾಳೆ. ನನ್ನ ಕೈ ಮುಂದೆ ಬರಲಿಲ್ಲ. ಇಲ್ಲದವಳ ಹೆಸರಿನ ಉಡಿಯನ್ನು ಹೇಗೆ ಇಸಿದುಕೊಳ್ಳಲಿ? ಇಲ್ಲ ಎಂದು ಮೈಕಿನಲ್ಲಿ ಹೇಳಿದರೆ, ತುಂಬಿದ ತಟ್ಟೆ ಹಿಡಿದು ನಿಂತ ಆ ಮುತ್ತೈದೆಯ ಗತಿಯೇನು? ಹಾಸ್ಯಗಾರನ ನಾಲಿಗೆ ಯಜಮಾನನನ್ನು ಕೇಳುವುದಿಲ್ಲ, ತಾನೇ ದಾರಿ ಹುಡುಕಿಕೊಂಡಿತು. "ಅಯ್ಯಯ್ಯೋ ಎವ್ವಾ, ಕೆಂಪೇನು! ಈ ಬಣ್ಣ ಒಯ್ದ್ರ ಆಕಿ ನನ್ನ ಬಾಗಲ ಒಳಗ ಬಿಡಂಗಿಲ್ಲ. ಆಕಿ ಬಣ್ಣ ಬ್ಯಾರೆ ಐತಿ" ಎಂದುಬಿಟ್ಟೆ. ಮತ್ತೆ ನಗೆ. ಮಲ್ಲಮ್ಮ ತಟ್ಟೆಯನ್ನು ಹಾಗೆಯೇ ಹಿಡಿದುಕೊಂಡು ಕೆಳಗಿಳಿದಳು. ಪಾರಾದೆನಪ್ಪಾ ಎಂದುಕೊಂಡೆ.

ಬೆಳಿಗ್ಗೆ ತಿಮ್ಮಪ್ಪನ ಅಂಗಳದಲ್ಲಿ ಕೂತು, ಬಣ್ಣ ಅರ್ಧ ಉಳಿದ ಮುಖದಲ್ಲೇ ಚಹಾ ಕುಡಿಯುತ್ತಿದ್ದೆ. ಮೆಣಸಿನಕಾಯಿ ಹರವಿದ ಅಂಗಳ, ನಾಲ್ಕಾರು ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಮಲ್ಲಮ್ಮ ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಂದಳು. ನನ್ನ ಎದುರಿಗೆ ಕೂತು ಗಂಟು ಬಿಚ್ಚಿದಳು. ಒಳಗೆ ಕಣಗಳು: ಗಿಣಿ ಹಸಿರು, ಅರಿಷಿಣದ್ದು, ಕಾಡಿಗೆ ಕಪ್ಪಿನ ಅಂಚಿನ ನೀಲಿ, ಬದನೆಕಾಯಿ ಬಣ್ಣ. ಮದುವೆ ಮುಂಜಿಗಳಲ್ಲಿ ಬಂದದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಕಾಪಾಡಿ ಇಟ್ಟಿದ್ದಳೆಂದು ಕಾಣುತ್ತದೆ, ನುಸಿಗುಳಿಗೆಯ ವಾಸನೆ ಬಂತು.

"ಇಷ್ಟು ತಂದೀನಿ ತಮ್ಮಾ. ಇದರಾಗ ಆಕಿ ಬಣ್ಣ ಯಾವುದು, ನೀನೇ ಹೇಳು" ಎಂದಳು.

ಹೊರಗಿನವರು ಯಾರೂ ನಮ್ಮಾಕಿ ಎಂಥವಳೆಂದು ನನ್ನನ್ನು ಕೇಳಿರಲಿಲ್ಲ. ನಾನು ಹೇಳಿದ್ದನ್ನು ಕೇಳಿ ನಕ್ಕಿದ್ದರು, ಅಷ್ಟೇ. ಅವಳಿಗೆ ಏನು ಇಷ್ಟ ಎಂದು ಕೇಳಿದವಳು ಈ ಮುದುಕಿ. ಚಹಾ ಕೆಳಗಿಟ್ಟೆ. ಗಿಣಿ ಹಸಿರನ್ನು ಮುಟ್ಟಿದೆ. "ಇದು, ಅಕ್ಕಾ" ಎಂದೆ. ನಿಜವಾಗಿ ಅದೇ. ಅವಳ ಮದುವೆಯ ಸೀರೆಯೂ ಅದೇ, ಕಡೆಗೆ ಕಳಿಸುವಾಗ ಹೊದಿಸಿದ್ದೂ ಅದೇ.

"ತಗಾ ಮತ್ತ. ಒಯ್ದು ಕೊಡು."

"ಆಕಿ ಇಲ್ಲಕ್ಕಾ" ಎಂದೆ. ನಿಂತೆ. "ಕಾರ್ತೀಕದಾಗ ಹೋದಳು."

ತಿಮ್ಮಪ್ಪ ಬಾಗಿಲಲ್ಲಿ ನಿಂತು ಹಲ್ಲು ಕಿರಿದು ಮುಂದಿನ ಮಾತಿಗೆ ಕಾಯುತ್ತಿದ್ದ. ಅವನ ತಪ್ಪಿಲ್ಲ. ಮಲ್ಲಮ್ಮ ಮಾತ್ರ ನನ್ನ ಮುಖವನ್ನೇ ನೋಡಿದಳು. ಕುರಿ ಕಾಯ್ದವರ ಕಣ್ಣು, ದೂರದಲ್ಲಿ ಯಾವ ಮರಿ ಕುಂಟುತ್ತಿದೆ ಎಂದು ಗೊತ್ತಾಗುವ ಕಣ್ಣು. ತಿಮ್ಮಪ್ಪನ ಕಡೆ ತಿರುಗಿ, "ಯಾಕ ಹಲ್ಲು ಕಿರೀತಿಯೋ ಭಾಡ್ಯಾ, ಕಣ್ಣು ಹೋಗ್ಯಾವೇನು ನಿನಗ?" ಎಂದು ಗದರಿದಳು. ಅವನ ಬಾಯಿ ಮುಚ್ಚಿತು. ತೊಟ್ಟು ಬಿಡಿಸುತ್ತಿದ್ದ ಕೈಗಳೂ ನಿಂತವು.

ಆಮೇಲೆ ಮಲ್ಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಿಣಿ ಹಸಿರು ಕಣವನ್ನು ತೊಡೆಯ ಮೇಲೆ ಹಾಸಿಕೊಂಡು, ಅಲ್ಲಿಯೇ ಅಂಗಳದಲ್ಲಿ, ರಾಗ ತೆಗೆದಳು.

"ಲಟ್ಟಣಿಗಿ ಹಿಡಿಯೋ ಕೈ ಎಲ್ಲಿ ಮಡಗಿ ಹೋದ್ಯೇ ನನ್ನವ್ವಾ... ಉಪ್ಪು ಸುರದು ಉಣಿಸಿದಾಕಿ, ಇವಗ ಸಪ್ಪನ್ನ ಕೂಳು ಮಾಡಿ ಹೋದ್ಯಲ್ಲೇ ನನ್ನವ್ವಾ... ಯಾರು ಕಿಸೆ ಹುಡುಕಬೇಕೇ, ಯಾರು ಬಾಗಲಾ ಹಾಕಬೇಕೇ, ಊರು ಊರು ನಗಿಸಿ ಬಂದವಗ ಯಾರು ಬೈಬೇಕೇ ನನ್ನವ್ವಾ..."

ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಅವಳ ಸುತ್ತ ಕೂತರು. ಖಾರದ ಕೈಯಿಂದಲೇ ಕಣ್ಣೊರೆಸಿಕೊಂಡರು. ಅವರಿಗೆಲ್ಲ ನಮ್ಮಾಕಿ ಗೊತ್ತಿದ್ದಳು. ಹುಡುಗಿಯರಾಗಿದ್ದಾಗಿನಿಂದ ಅವಳ ಸುದ್ದಿ ಕೇಳಿ ಬೆಳೆದವರು. ಒಬ್ಬಳು "ನಾಯಿ ಬಿಟ್ಟು ಇವಗ ಹೊಡೀತಿದ್ಯಲ್ಲೇ ಎವ್ವಾ" ಎಂದು ಬಿಕ್ಕಿದಳು. ನಗುವಂಥ ಮಾತು ಅದು, ನಮ್ಮಾಕಿಯೇ ತಿದ್ದಿದ್ದು. ಅಯ್ಯೋ, ಅದೆಲ್ಲ ಸುಳ್ಳು ತಾಯಂದಿರಾ, ಅವಳು ಇರುವೆಗೂ ಕೈ ಎತ್ತಿದವಳಲ್ಲ ಎಂದು ಹೇಳಲು ಹೋದೆ. ಅವಳಿಗಾಗಿ ಇಷ್ಟು ಜನ ಅಳುತ್ತಿದ್ದಾರಲ್ಲ, ಸುಳ್ಳಾದರೇನು, ನಿಜವಾದರೇನು, ಅಳಲಿ ಎಂದುಕೊಂಡೆ.

ರಾಗದ ನಡುವೆ ಮಲ್ಲಮ್ಮ ಥಟ್ಟನೆ ನಿಲ್ಲಿಸಿದಳು. ಸೆರಗು ಸರಿಸಿ ನನ್ನನ್ನು ನೋಡಿದಳು.

"ತಮ್ಮಾ, ಆಕಿ ಹೆಸರೇನು? ನಮ್ಮಾಕಿ ನಮ್ಮಾಕಿ ಅಂತೀಯ ಹೊರತು ಹೆಸರು ಹೇಳಲಿಲ್ಲಲ್ಲ ನೀನು. ಹೆಸರಿಲ್ಲದ ಹೆಂಗ ಕರದು ಅಳಬೇಕು?"

ಗಂಡನಾದವನು ಹೆಂಡತಿಯ ಹೆಸರು ನಾಲ್ಕು ಜನರ ಎದುರು ಹಿಡಿಯುವುದು ನಮ್ಮಲ್ಲಿಲ್ಲ. ಮನೆಯಲ್ಲಿ "ಏ, ಇಲ್ಲಿ ಕೇಳು" ಎಂದರೆ ಸಾಕಾಗಿತ್ತು. ಸ್ಟೇಜಿನ ಮೇಲೆ ಹೆಸರು ಬೇಕಾಗಿರಲಿಲ್ಲ. ಬಾಯಿ ತೆರೆದೆ. ಅಷ್ಟು ಕಷ್ಟದ ಮಾತನ್ನು ನಾನು ಯಾವ ನಾಟಕದಲ್ಲೂ ಆಡಿಲ್ಲ.

"ಉರುಕುಂದಮ್ಮ" ಎಂದೆ.

ಮಲ್ಲಮ್ಮ ಸೆರಗು ಎಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು, ಈ ಸಲ ಹೆಸರು ಹಿಡಿದು. ಆ ಹೆಸರು ರಾಗದಲ್ಲಿ ಮೇಲೆ ಹೋದಾಗ ನನ್ನಿಂದ ತಡೆಯಲಾಗಲಿಲ್ಲ. ಅರ್ಧ ಬಣ್ಣದ ಮುಖ ಹೊತ್ತುಕೊಂಡು, ಮೆಣಸಿನಕಾಯಿಯ ನಡುವೆ ಕೂತು, ಗಟ್ಟಿಯಾಗಿ, ಮುದುಕಿಯರ ಹಾಗೆ ಅತ್ತೆ. ಅಂಗಳದಲ್ಲಿ ಯಾರೂ ನಗಲಿಲ್ಲ.